ವೈಪರ್ ಟ್ಯಾಂಕಿನಲ್ಲಿ ಈಗ ಸೋಪಿನ ನೀರಿದೆ

ಫಿರ್ದೌಸ್,

ಕಾರಿನ ಕೀ ಮುಟ್ಟುವ ಮೊದಲು ಇದನ್ನು ಓದು. ನಾನು ಮಾರ್ಕೆಟ್ಟಿಗೆ ಹೊರಟೆ. ತಿಂಡಿಗೆ ನಾಸಿ ಲೆಮಾಕ್ ಅನ್ನ ಮಾಡಿ ಮುಚ್ಚಿಟ್ಟಿದ್ದೇನೆ, ಸಂಬಲ್ ಚಟ್ನಿ ಪೂರ್ತಿ ನೀನೇ ಬಳಿದುಕೊಳ್ಳಬೇಡ.

ನಿನ್ನೆ ನಿನ್ನ ರೇಸ್ ಕಾರಲ್ಲಿ ಮಸೀದಿ ಪಾಠಕ್ಕೆ ಹೋಗಿದ್ದೆನಲ್ಲ, ಅಲ್ಲಿ ಗಾಜಿನ ಮೇಲೆ ಹಕ್ಕಿ ಹಿಕ್ಕೆ ಕಂಡು ವೈಪರ್ ನೀರು ಬಿಟ್ಟೆ. ಅಂಗಳವೆಲ್ಲ ಸಾರಾಯಿ ಅಂಗಡಿ ಥರ ನಾರಿತು. ನಿನ್ನ ಅತ್ತೆ ಮೂಗು ಮುಚ್ಚಿಕೊಂಡು, "ಏನತ್ತಿಗೆ, ಈ ವಯಸ್ಸಲ್ಲಿ ಶುರು ಮಾಡಿದ್ರಾ?" ಅಂದಳು. ಎಲ್ಲರೂ ನಕ್ಕರು.

ಮನೆಗೆ ಬಂದವಳೇ ವೈಪರ್ ಒತ್ತಿ ಒತ್ತಿ ಟ್ಯಾಂಕ್ ಖಾಲಿ ಮಾಡಿ ಸೋಪಿನ ನೀರು ತುಂಬಿಸಿದೆ. ಆಮೇಲೆ ಗ್ಯಾರೇಜಿನ ಬೂನ್ ಕಿಯಾಟನಿಗೆ ಫೋನ್ ಮಾಡಿ ಬೈದಾಗ ವಿಷಯ ಗೊತ್ತಾಯಿತು. ಟ್ಯಾಂಕಲ್ಲಿದ್ದದ್ದು ನೀರಿಗೆ ಮೆಥನಾಲ್ ಅನ್ನೋ ಸ್ಪಿರಿಟ್ ಸೇರಿಸಿದ್ದಂತೆ. ಟರ್ಬೊ ಜೋರು ಹಿಡಿದಾಗ ಇಂಜಿನ್ನಿಗೆ ಚಿಮ್ಮಿ ತಂಪು ಮಾಡುತ್ತಂತೆ. ಇಲ್ಲದಿದ್ದರೆ ಪಿಸ್ಟನ್ನೇ ಕರಗುತ್ತಂತೆ. ಅದನ್ನು ವೈಪರ್ ಟ್ಯಾಂಕಲ್ಲಿ ಇಟ್ಟಿದ್ದೀಯ ಅಂತ ನನಗೊಂದು ಮಾತು ಹೇಳಬಾರದಿತ್ತಾ?

ಸೋಪಿನ ನೀರು ತೆಗೆದು ತೊಳೆಯದೆ ಇವತ್ತು ರೇಸಿಗೆ ಹೋಗಬೇಡ. ವೈಪರಿಗೆ ಬೇರೆ ಡಬ್ಬಿ ಹಾಕಿಸು. ಸಿಂಕಿನ ಕೆಳಗಿದ್ದ ಮೆಥನಾಲ್ ಕ್ಯಾನನ್ನು ಶೆಡ್ಡಿಗೆ ಹಾಕಿ ಬೀಗ ಜಡಿದಿದ್ದೇನೆ. ಅದು ವಿಷ ಕಣೋ, ನಿಮ್ಮಪ್ಪ ನೀರು ಅಂತ ಕುಡಿದಿದ್ದರೆ ಏನು ಗತಿ?

ಇನ್ನೊಂದು ವಿಷಯ. ನಿನ್ನೆ ವಾಪಸ್ ಬರುವಾಗ, ಟ್ಯಾಂಕ್ ಖಾಲಿ ಮಾಡುವ ಮುಂಚೆ, ನಿನ್ನ ಅತ್ತೆ ಹೊಸ ಕಾರಲ್ಲಿ ಹಿಂದಿನಿಂದ ಹಾರ್ನ್ ಹೊಡೆದಳು. ನಾನೂ ಕಾಲು ಸ್ವಲ್ಪ ಜೋರಾಗಿ ಊರಿದೆ. ಮುವಾರ್ ಸೇತುವೆ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಅವಳು ಕಾಣಲೇ ಇಲ್ಲ.

ಮುಂದಿನ ವಾರವೂ ಪಾಠಕ್ಕೆ ಕಾರು ನನಗೆ ಬೇಕು. ಮೆಥನಾಲ್ ತುಂಬಿಸಿಡು.

ಅಮ್ಮ