ಒಳಗೆ ಬಿಟ್ಟ ಬಟ್ಟೆ

ಮಾರ್ಚ್ 11, ಮಂಗಳವಾರ

ನಾದಿನಿ ಇವತ್ತು ನನ್ನ ಹೊಲಿಗೆ ಅಂಗಡಿಗೇ ಬಂದು ಮಾನ ಹರಾಜು ಹಾಕಿದಳು. ಗಿರಾಕಿಗಳ ಎದುರಿಗೇ, "ಏನತ್ತಿಗೆ, ಮೂರು ತಿಂಗಳಿಗೆ ತೂಕ ಇಳಿದಿದ್ದು ಬರೀ ನಾಲ್ಕು ಕೆಜಿನಾ? ನಿಮಗಿಂತ ಆಮೆ ವಾಸಿ. ನಾನು ಒಂದೇ ತಿಂಗಳಲ್ಲಿ ಹತ್ತು ಇಳಿಸ್ತೀನಿ, ನೋಡ್ತಿರಿ" ಅಂದಳು.

ಇಳಿಸು ತಾಯಿ, ಇಳಿಸು. ಹೋದ ವರ್ಷ ನೀನು ಇಳಿಸಲಿಲ್ವಾ? ಬರೀ ನಿಂಬೆರಸ ಕುಡಿದು, ಮನೆಮಂದಿ ಮೇಲೆಲ್ಲ ಹರಿಹಾಯ್ದು, ಕೊನೆಗೆ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದೆ. ಆಸ್ಪತ್ರೆಗೆ ಕರ್ಕೊಂಡು ಓಡಿದ್ದು ಈ ಆಮೆಯೇ. ಇಳಿದಿದ್ದೆಲ್ಲ ಬಡ್ಡಿ ಸಮೇತ ವಾಪಸ್ ಬಂತು.

ವಾರಕ್ಕೆ ಅರ್ಧ ಕೆಜಿ ಇಳಿದರೂ ಸಾಕು, ಇಳಿದಿದ್ದು ನಿಲ್ಲಬೇಕು ಅಂತ ಡಾಕ್ಟರ್ ನನಗೆ ಹೇಳಿದ್ದಾರೆ. ಕೆಲವು ವಾರ ಅಷ್ಟೂ ಇಳಿಯಲ್ಲ. ಆದರೂ ಮೊನ್ನೆ ನನ್ನ ಅಂಗಿಯ ಪಕ್ಕದ ಹೊಲಿಗೆಯನ್ನ ಒಂದು ಬೆರಳಷ್ಟು ಒಳಗೆ ತಗೊಂಡೆ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಅದಕ್ಕೂ ನಗ್ತಾಳೆ.

ಹೋಗುವಾಗ ಮುಂದಿನ ತಿಂಗಳ ಸಮಾರಂಭಕ್ಕೆ ಅಂತ ರೇಷ್ಮೆ ಬಟ್ಟೆಯನ್ನ ಮೇಜಿನ ಮೇಲೆ ಎಸೆದಳು. "ಹತ್ತು ಕೆಜಿ ಇಳಿದ ಅಳತೆಗೇ ಹೊಲೀರಿ. ಒಳಗೆ ಜಾಸ್ತಿ ಬಟ್ಟೆ ಬಿಡ್ಬೇಡಿ, ಆಮೇಲೆ ಸಡಿಲ ಮಾಡೋಕೆ ಹೊಲಿಗೆ ಬಿಚ್ಚೋ ಪ್ರಶ್ನೆನೇ ಬರಲ್ಲ."

ಹೇಳಿದ ಹಾಗೇ ಕತ್ತರಿಸಿ ಬಿಸಾಕೋಣ, ಅನುಭವಿಸಲಿ ಅನ್ನಿಸ್ತು. ಹಾಗೆ ಕತ್ತರಿಸಲಿಲ್ಲ. ಎರಡೂ ಪಕ್ಕ ಎರಡೆರಡು ಇಂಚು ಬಟ್ಟೆ ಜಾಸ್ತಿ ಬಿಟ್ಟು ಒಳಗೆ ಮಡಚಿಟ್ಟಿದ್ದೀನಿ. ಪ್ರೀತಿಗಲ್ಲ. ಸಮಾರಂಭದ ಹಿಂದಿನ ದಿನ ಅದು ಮೈಗೆ ಏರದೆ, ಅದೇ ಗಿರಾಕಿಗಳ ಎದುರಿಗೆ ನಿಂತು, "ಅತ್ತಿಗೆ, ಸ್ವಲ್ಪ ಬಿಚ್ಚಿಕೊಡಿ" ಅಂತ ಅವಳು ಕೇಳಬೇಕು.

ಬಿಚ್ಚಿಕೊಡ್ತೀನಿ. ಒಂದೊಂದೇ ಹೊಲಿಗೆ, ಆಮೆ ಥರ.