ಐದನೇ ಗೇರಿನ ಲೆಕ್ಕ

ಮಾರ್ಚ್ 3, ಬೆಳಿಗ್ಗೆ

ಕಾರಿನ ಗೇರ್‌ಬಾಕ್ಸ್ ಇಳಿಸಿ ಬೆಂಚಿನ ಮೇಲಿಟ್ಟೆ. ರೇಸಿಗೆಂದು ನಾನೇ ಕಟ್ಟಿದ ಕಾರು. ನೂರರ ವೇಗದಲ್ಲಿ ಇಂಜಿನ್ ನಿಮಿಷಕ್ಕೆ 3600 ಸುತ್ತು, ಅಂದರೆ 3600 ಆರ್‌ಪಿಎಂ. ಲೀಟರಿಗೆ ಏಳು ಕಿಲೋಮೀಟರ್.

ಅಕ್ಕನ ಆಸ್ಪತ್ರೆ 340 ಕಿಲೋಮೀಟರ್ ದೂರ. ಟ್ಯಾಂಕ್ 45 ಲೀಟರ್. ನಡುವೆ ಪೆಟ್ರೋಲ್ ಬಂಕಿಗೆ ತಿರುಗಲೇಬೇಕು. ಹೋದ ಸಲ ಬಂಕಿನ ಹಳ್ಳದಲ್ಲಿ ಚಕ್ರ ಇಳಿದಾಗ ಅಕ್ಕ ಚೀರಿದಳು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ. ಸೊಂಟವನ್ನು ಬಿಗಿಯಾಗಿ ಹಿಡಿಯುವ ಈ ರೇಸ್ ಸೀಟಿನಲ್ಲಿ ಮಾತ್ರ ಕೂರಬಲ್ಲಳು. ಬೇರೆ ಕಾರು ನಮಗಿಲ್ಲ. ಸಸ್ಪೆನ್ಷನ್ ಮೆತ್ತಗೆ ಮಾಡಿಯಾಯಿತು. ಇನ್ನು ಐದನೇ ಗೇರ್ ಬದಲಿಸಬೇಕು.

"ನಡುವೆ ಎಲ್ಲೂ ನಿಲ್ಲಿಸ್ಬೇಡ ಕಣೋ, ಅಷ್ಟು ಮಾಡಿಕೊಡು ಸಾಕು" ಅಂದಳು. ಹನ್ನೆರಡನೇ ತಾರೀಖು ಮೊದಲ ರೇಡಿಯೇಷನ್.

ಮಾರ್ಚ್ 4

ಗೇರ್ ಕೊರೆಯುವ ಮಾಮನ ಬಳಿ ಹೋಗಿದ್ದೆ. ಈಗಿನ ಐದನೇ ಗೇರಿನ ಅನುಪಾತ 1.0. ಅಂಕಿ ಇಳಿದಷ್ಟೂ ಇಂಜಿನ್ ನಿಧಾನ, ಪೆಟ್ರೋಲ್ ಉಳಿತಾಯ. 0.8ಕ್ಕೆ ಲೀಟರಿಗೆ ಒಂಬತ್ತು ಸಿಗಬಹುದು. 0.62ಕ್ಕೆ ಹನ್ನೊಂದು! ಎಂಟು ಸಿಕ್ಕರೂ ಸಾಕಿತ್ತು. ಆದರೂ ಆಸೆ...

"ನಿನ್ನ ಇಂಜಿನ್ನಿಗೆ ಎರಡೂವರೆ ಸಾವಿರ ಆರ್‌ಪಿಎಂ ಕೆಳಗೆ ಜೀವಾನೇ ಇಲ್ಲ. 0.8 ಮಾಡ್ಸು. ಕಾಗದದ ಮೇಲೆ ಏರು ಇರಲ್ಲ ಕಣಯ್ಯ" ಅಂದ ಮಾಮ.

ಮುದುಕನಿಗೆ ಯಾವಾಗಲೂ ಹೆದರಿಕೆ. 0.62 ಹೇಳಿ ಬಂದೆ.

ಮಾರ್ಚ್ 11

ಹೊಸ ಗೇರ್ ಕೂರಿಸಿದೆ. ಸಮತಟ್ಟು ರಸ್ತೆಯಲ್ಲಿ ಬೆಣ್ಣೆ. 2230 ಆರ್‌ಪಿಎಂ. ಕುಣಿದಾಡುವ ಹಾಗಾಯಿತು.

ಮಾರ್ಚ್ 12, ಮಧ್ಯಾಹ್ನ

ಮನೆಗೆ ವಾಪಸ್ ಬಂದಿದ್ದೇವೆ. ಸಣ್ಣ ಏರು ಬಂದರೂ ಐದರಲ್ಲಿ ಇಂಜಿನ್ ಗದಗದ ನಡುಗುತ್ತದೆ. ನಾಲ್ಕಕ್ಕೆ ಇಳಿಸು, ಮತ್ತೆ ಐದಕ್ಕೆ ಏರಿಸು. ಪ್ರತಿ ಸಲ ಒಂದು ಜಗ್ಗು, ಪ್ರತಿ ಜಗ್ಗಿಗೂ ಅಕ್ಕನ ಕೂಗು. ತೊಂಬತ್ತನೇ ಕಿಲೋಮೀಟರಿಗೆ ನನ್ನ ತೋಳು ಹಿಡಿದಳು.

"ಸಾಕು ಕಣೋ. ತಿರುಗಿಸು. ನನ್ನ ಕೈಲಾಗಲ್ಲ."

ಆಸ್ಪತ್ರೆಯವರು ಹೊಸ ತಾರೀಖು ಕೊಟ್ಟರು — 21. ಮಾಮ ಕೂಡಲೇ 0.8 ಕೊರೆಯಲು ಕುಳಿತ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 21, ಸಂಜೆ

ಬೆಳಿಗ್ಗೆ ಐದಕ್ಕೆ ಹೊರಟೆವು. ಏರು, ಇಳಿಜಾರು, ಎಲ್ಲ ಐದರಲ್ಲೇ. ಬಂಕಿನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಒಮ್ಮೆಯೂ ಕೂಗಲಿಲ್ಲ, ರಸ್ತೆಯುಬ್ಬಿನ ಮೇಲೆ ಕಾರು ಹಾರಿದಾಗಲೂ. ಗೆದ್ದೆ ಅಂದುಕೊಂಡೆ. ಮೂರ್ಖ.

ಆಸ್ಪತ್ರೆಯ ಬಾಗಿಲಲ್ಲಿ ಕಾಲು ಕೆಳಗಿಡು ಅಂದೆ. ಇಡಲಾಗಲಿಲ್ಲ. ಎರಡೂ ಕಾಲು ಸತ್ತಿವೆ, ನೋವೂ ಗೊತ್ತಾಗುತ್ತಿಲ್ಲ. ಅದಕ್ಕೇ ಕೂಗಲಿಲ್ಲ.

"ಗಡ್ಡೆಯಿಂದ ಬೆನ್ನಿನ ನರ ಅದುಮಿಹೋಗಿದೆ. ಹೋದ ವಾರವೇ ರೇಡಿಯೇಷನ್ ಶುರುವಾಗಿದ್ರೆ ಕಾಲು ಉಳೀತಿತ್ತೇನೋ" ಅಂದರು ಡಾಕ್ಟರ್.

ಮಾರ್ಚ್ 22

ವಾರ್ಡು. ಕಿಟಕಿ ಪಕ್ಕದ ಮಂಚ. ಅಕ್ಕ ಎದ್ದಕೂಡಲೇ ಕೇಳಿದಳು:

"ಎಷ್ಟು ಕೊಡ್ತೋ ಲೀಟರಿಗೆ?"

"ಒಂಬತ್ತು."

"ನೋಡಿದ್ಯಾ? ನನ್ನ ತಮ್ಮ ಲೆಕ್ಕದಲ್ಲಿ ತಪ್ಪೋನಲ್ಲ." ಪಕ್ಕದ ಮಂಚದವರಿಗೂ ಕೇಳುವ ಹಾಗೆ ಹೇಳಿದಳು. ನನಗೆ ಅಳು ಬಂತು, ಹೊರಗೆ ಬಂದೆ.

ಹೇಳಬೇಕು. ಇವತ್ತೇ ಹೇಳಬೇಕು. ಅಕ್ಕಾ, ಮಾಮ ನನಗೆ ಮೊದಲ ದಿನವೇ 0.8 ಮಾಡ್ಸು ಅಂದಿದ್ದ, ನಾನೇ—