ಅಮ್ಮನ ಮುಖ ಕೇಳಿದ ತಂಗಿಗೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಮಕ್ಕಳ ಕೆಮ್ಮು ಇಳಿಯಿತೇ? ಅಕ್ಕ ಉತ್ತರ ಬರೆಯಲೇ ಇಲ್ಲ ಎಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ. ಒರೆಸಿದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸುತ್ತೇನೆ. ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದು ನಿನ್ನ ಭಾವ ಕೇಳುತ್ತಾರೆ.

ನೀನು ಕೇಳಿದ್ದು ಒಂದೇ. ರಸ್ತೆಗಾಗಿ ಸ್ಮಶಾನದ ಕೆಳಭಾಗ ಹೋಗುತ್ತಿದೆ, ಅಮ್ಮನ ಪೆಟ್ಟಿಗೆಯನ್ನು ಹೇಗಿದ್ದರೂ ಮೇಲೆತ್ತುತ್ತಾರೆ. ಮುಚ್ಚಳ ತೆಗೆದು ಮುಖದ ಒಂದು ಫೋಟೋ ಕಳಿಸು. "ನೀನೇ ಔಷಧಿ ತುಂಬಿ ಎಂಬಾಮ್ ಮಾಡಿದ್ದಲ್ವಾ ಅಕ್ಕಾ, ಕೆಡದೆ ಹಾಗೇ ಇರ್ತಾಳೆ" ಎಂದು ಬರೆದಿದ್ದೆ. ನಿನ್ನ ಮೇಲೆ ಸಿಟ್ಟು ಬರಲಿಲ್ಲ. ನೀನು ಬಂದು ನೋಡುವವರೆಗೆ ಇರಲಿ ಎಂದೇ ಅಂದು ನಾನು ಅಮ್ಮನಿಗೆ ಸೂಜಿ ಚುಚ್ಚಿದ್ದು. ಮಂಜು ಕವಿದು ನಿನ್ನ ವಿಮಾನ ಏಳಲೇ ಇಲ್ಲ. ನೀನು ಬಂದಾಗ ಮಣ್ಣು ಮುಚ್ಚಿ ಆಗಿತ್ತು. ನೋಡದೆ ಉಳಿದ ಮುಖ ನಿನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲವೆಂದು ಈಗ ತಿಳಿಯಿತು.

ಪ್ರತಿ ಮನೆಯಿಂದ ಒಬ್ಬರು ಬರಬೇಕೆಂದು ನಗರಸಭೆಯವರು ಹೇಳಿದ್ದರು. ನಾನು ಹೋದೆ. ಪಕ್ಕದ ಸಮಾಧಿ ಬಟ್ಟೆ ವ್ಯಾಪಾರಿಯದು. ಅವರ ಹಿರಿಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಪ್ಪನನ್ನು ಊರಿಂದ ಕರೆದೊಯ್ಯಲು ಬಂದವರಂತೆ ನಿಂತಿದ್ದರು. "ನಮ್ಮಪ್ಪಂದು ಗಾಳಿನೂ ಹೋಗದ ಲೋಹದ ಪೆಟ್ಟಿಗೆ ಮೇಡಂ. ಎಂಬಾಮಿಂಗೂ ಆಗಿದೆ. ಮಲಗಿದ ಹಾಗೇ ಇರ್ತಾರೆ" ಎಂದರು. ಹಗ್ಗ ಕಟ್ಟಿ ಎತ್ತಿದಾಗ ಪೆಟ್ಟಿಗೆಯೊಳಗೆ ಏನೋ ತುಳುಕಿತು. ಎಲ್ಲರಿಗೂ ಕೇಳಿಸಿತು.

"ಏನದು? ನೀರಾ?" ಎಂದು ಅವರು ನನ್ನ ಕಡೆ ತಿರುಗಿದರು.

"ದೇಹದಲ್ಲಿ ಇದ್ದಿದ್ದೇ ಸಾರ್. ಹೊರಗೆ ಹೋಗೋಕೆ ದಾರಿ ಇರ್ಲಿಲ್ಲ. ಮುಚ್ಚಳ ತೆಗೆಸಬೇಡಿ. ಹಾಗೇ ಕರ್ಕೊಂಡು ಹೋಗಿ."

ಅವರು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟರು. ಅಂಗಿಯ ಇಸ್ತ್ರಿ ನೆನಪಾಗಲಿಲ್ಲ. "ಒಳ್ಳೇದಾಗ್ಲಿ ಅಂತಲೇ ಮಾಡಿಸಿದ್ದು" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಅದೇ ಮಾತು ನನ್ನ ಬಾಯಲ್ಲೂ ಇತ್ತಲ್ಲ!

ಆಮೇಲೆ ಅಮ್ಮ. ಪೆಟ್ಟಿಗೆಯ ಮರ ಮೆತ್ತಗಾಗಿ, ಗುದ್ದಲಿ ತಾಕಿದಲ್ಲೆಲ್ಲ ಕುಸಿಯುತ್ತಿತ್ತು. ಹೊಸ ಪೆಟ್ಟಿಗೆಗೆ ಸಾಗಿಸಲೇಬೇಕಾಗಿತ್ತು, ಹಾಗಾಗಿ ನೋಡುವುದೋ ಬಿಡುವುದೋ ಎಂಬ ಪ್ರಶ್ನೆಯೇ ಬರಲಿಲ್ಲ. ನಿನಗೆ ಸುಳ್ಳು ಬರೆಯಲಾರೆ ಗುಬ್ಬಿ. ನಾವು ತುಂಬುವ ಔಷಧಿ, ನೆಂಟರು ಬಂದು ನೋಡುವವರೆಗಿನ ಮಾತು. ಆಮೇಲೆ ತೇವ ತನ್ನ ಕೆಲಸ ಮಾಡುತ್ತದೆ. ನಿಧಾನ, ಅಷ್ಟೇ. ಅಮ್ಮನ ಮುಖ ಮುಖವಾಗಿ ಉಳಿದಿರಲಿಲ್ಲ. ಕೆನ್ನೆ ಇಳಿದು, ಮೇಲೆ ತೆಳ್ಳಗೆ ಬಿಳಿ ಬೂಷ್ಟು ಹಿಡಿದಿತ್ತು. ಆದರೆ ನೀನು ಕಳಿಸಿದ್ದ ನೀಲಿ ನೈಲಾನ್ ಸ್ವೆಟರ್ ನಿನ್ನೆ ತೊಡಿಸಿದ ಹಾಗಿತ್ತು, ಒಂದು ಗುಂಡಿಯೂ ಸಡಿಲವಾಗಿರಲಿಲ್ಲ. ನಾನು ಹಾಕಿದ್ದ ಜಡೆ ಹಾಗೇ ಇತ್ತು. ಎಡಗೈ ಮೇಣದಲ್ಲಿ ಮಾಡಿದಂತೆ ಗಟ್ಟಿಯಾಗಿ ಬೆಳ್ಳಗಿತ್ತು. ತೇವದ ಮಣ್ಣಿನಲ್ಲಿ ಮೈಯ ಕೊಬ್ಬು ಕೆಲವೊಮ್ಮೆ ಹಾಗೆ ಸಾಬೂನಿನಂತಾಗುತ್ತದೆ. ಕಿರುಬೆರಳಿನ ಆ ಸೊಟ್ಟ ಕೂಡ ಕಾಣುತ್ತಿತ್ತು.

ನಾನು ಫೋನ್ ಕೈಗೆತ್ತಿಕೊಂಡೆ. ಗುಂಡಿ ತೋಡುವ ಗುದ್ದಲಿಯಣ್ಣ, "ಪಟ ತೆಗೀತೀಯೇನಮ್ಮ? ಬೆಳಕಿಗೆ ಸ್ವಲ್ಪ ಸರೀಲಾ?" ಎಂದ.

"ಬೇಡ ಅಣ್ಣ, ಬಿಡು."

"ತಂಗಿ ಕೇಳಿದ್ಲು ಅಂತಿದ್ದೆ?"

"ಅವಳ ಹತ್ರ ಒಂದು ಮುಖ ಇದೆ. ನಾನು ಇದನ್ನ ಕಳಿಸಿದ್ರೆ ಅದು ಹೋಗಿಬಿಡುತ್ತೆ."

ಅವನು ಅತ್ತ ತಿರುಗಿ ನಿಂತ. ನಾನು ಕೈಗವಸು ಬಿಚ್ಚಿದೆ. ಬಿಚ್ಚಬಾರದು, ಹೊಸಬರಿಗೆ ಅದನ್ನೇ ಬೈದು ಕಲಿಸುವವಳು ನಾನು. ಅಮ್ಮನ ಎಡಗೈ ಮೇಲೆ ಕೈ ಇಟ್ಟು, "ಗುಬ್ಬಿ ನಿನ್ನ ಕೇಳಿದ್ಲು" ಎಂದೆ. ಮೇಲಿನ ಗುಡ್ಡದ ಪಕ್ಕದ ಹೊಸ ಜಾಗದಲ್ಲಿ ಸಂಜೆಯೊಳಗೆ ಮಣ್ಣು ಮಾಡಿದೆವು. ನೀರು ನಿಲ್ಲದ ಜಾಗ.

ಮಾರನೆಯ ದಿನ ಎಂದಿನಂತೆ ಶವಾಗಾರದ ಕೆಲಸಕ್ಕೆ ಹೋದೆ. ಗಂಡನನ್ನು ಕಳೆದುಕೊಂಡ ಒಬ್ಬಾಕೆ, "ಇವ್ರು ಎಷ್ಟು ದಿನ ಹೀಗೇ ಇರ್ತಾರೆ?" ಎಂದು ಕೇಳಿದರು. ಮೊದಲಾದರೆ, ಚಿಂತೆ ಮಾಡಬೇಡಿ, ಏನೂ ಆಗಲ್ಲ ಎನ್ನುತ್ತಿದ್ದೆ. ಈ ಸಲ, "ನೀವು ನೋಡೋವರೆಗೂ ಇರ್ತಾರಮ್ಮ. ಇವತ್ತೇ ಕಣ್ತುಂಬ ನೋಡ್ಕೊಳ್ಳಿ" ಎಂದು ಅವರಿಗೆ ಕುರ್ಚಿ ಹಾಕಿಕೊಟ್ಟೆ. ಅವರು ಬಹಳ ಹೊತ್ತು ಕೂತಿದ್ದರು. ನಾನು ಮಾತ್ರ ಒಳಗೂ ಹೊರಗೂ ಓಡಾಡುತ್ತಿದ್ದೆ.

ಫೋಟೋ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಬಂದಾಗ ಇಬ್ಬರೂ ಹೋಗೋಣ. ನಿನ್ನ ಮನೆ ನಗುತ್ತಿರಲಿ, ಮಕ್ಕಳು ನಿನ್ನ ತೋಳಿಗಿಂತ ಎತ್ತರ ಬೆಳೆಯಲಿ, ಅವರ ಅಪ್ಪ ಸಿಗರೇಟು ಬಿಡಲಿ. ಮೂರನೆಯದಕ್ಕೆ ನನ್ನ ಹಾರೈಕೆ ಸಾಲದು, ನಿನ್ನ ಬೈಗುಳವೂ ಬೇಕು.

ನಿನ್ನ
ಅಕ್ಕ

ಮರೆಯದೆ ಬರೆದದ್ದು: ನೀನು ಅಮ್ಮನನ್ನು ಮಾತ್ರ ಕೇಳಿದೆ. ಅಮ್ಮ ಹೋದ ಮರುವರ್ಷ ಹುಟ್ಟಿದ ದಿನವೇ ಹೋದ ನನ್ನ ಮಗಳನ್ನು ಅಮ್ಮನ ಪಕ್ಕದಲ್ಲೇ ಮಲಗಿಸಿದ್ದರಲ್ಲ. ಇಷ್ಟು ಪುಟ್ಟದಕ್ಕೆ ಔಷಧಿ ಯಾಕೆ ಎಂದು ಬರೀ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನಾನಾಗ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ಗುದ್ದಲಿಯಣ್ಣ ಮಣ್ಣನ್ನು ಜರಡಿ ಹಿಡಿದ. ಮತ್ತೆ ಹಿಡಿದ. ಏನೂ ಸಿಗಲಿಲ್ಲ ಗುಬ್ಬಿ, ಒಂದು ಉಗುರಿನಷ್ಟೂ ಇಲ್ಲ. "ಏನೂ ಇಲ್ದಿದ್ರೆ ಸಾಗಿಸೋದೇನನ್ನ?" ಎಂದರು ನಗರಸಭೆಯವರು. ಮೆಲ್ಲಗೇ ಹೇಳಿದರು, ಪಾಪ. ನಿನ್ನ ಭಾವ ನೋಡಲಾರೆನೆಂದು ಗೇಟಿನ ಹೊರಗೇ ನಿಂತಿದ್ದರು. ನಾನು ಬಂದೊಡನೆ, "ಅಜ್ಜಿ ಪಕ್ಕಾನೇ ಮಲಗಿಸಿದ್ರಾ ಪಾಪೂನ?" ಎಂದು ಕೇಳಿದರು. ನಾನು ಹೂಂ ಅಂದೆ. ಈಗ ಅವರು ಹೊಸ ಜಾಗದಲ್ಲಿ ನೆಡಲು ಎರಡು ಹೂವಿನ ಗಿಡ ತೆಗೆದುಕೊಂಡು ಹೋಗಿದ್ದಾರೆ. ಒಂದು ದೊಡ್ಡದು, ಒಂದು ಚಿಕ್ಕದು.